ಹನ್ನೊಂದು ಹೊಗೆಯ ಊರು

ಫ್ರೆಂಚ್ ಸಾಹೇಬರು ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ನಾಲ್ಕು ಹಾಳೆ ಇಟ್ಟು, "ಇದನ್ನು ಎರಡು ಸಲ ಓದಿ, ನಾಳೆ ಮಾತಾಡೋಣ" ಎಂದು ಹೋದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆಗಳು. ಫ್ರಾನ್ಸಿನ ಗುಡ್ಡಗಾಡಿನ ಒಂದು ಪುಟ್ಟ ಹಳ್ಳಿಯ ವಿವರ. ಎತ್ತರ ಇಷ್ಟು, ಹೊಳೆ ಎರಡು, ಕಲ್ಲಿನ ಸೇತುವೆ ಒಂದು, ಇಗರ್ಜಿ ಒಂದು. ಮನೆಗಳು ಐವತ್ತನಾಲ್ಕು, ಅವುಗಳಲ್ಲಿ ವರ್ಷದ ಹೆಚ್ಚು ದಿನ ಬೀಗ ಬಿದ್ದಿರುವವು ಇಪ್ಪತ್ತಾರು. ಜನ ಅರವತ್ತೊಂದು. ಮೇಯರ್ ಎಂದರೆ ನಮ್ಮ ಪಂಚಾಯತಿ ಅಧ್ಯಕ್ಷರಿದ್ದ ಹಾಗೆ, ದನ ಸಾಕುವ ರೈತ. ವಾರಕ್ಕೆ ಎರಡು ಮಧ್ಯಾಹ್ನ ಮಾತ್ರ ಕಚೇರಿಯ ಬಾಗಿಲು ತೆರೆಯುತ್ತಾನೆ. ಬ್ರೆಡ್ಡಿನ ವ್ಯಾನು ವಾರಕ್ಕೆ ಮೂರು ಸಲ ಬಂದು ಹಾರ್ನ್ ಹೊಡೆಯುತ್ತದೆ. ಇಗರ್ಜಿಯ ಮುಂದೆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿದೆ, ಅದರ ಮೇಲಿನ ಹೆಸರುಗಳು ಈಗ ಊರಲ್ಲಿರುವ ಗಂಡಸರಿಗಿಂತ ಹೆಚ್ಚು. ಶಾಲೆ ಎಂಬ ತಲೆಬರಹದ ಕೆಳಗೆ ಒಂದೇ ಪದ: ಮುಚ್ಚಿದೆ.

ಮರುದಿನ ಗೊತ್ತಾಯಿತು, ಅದು ಸಾಹೇಬರದ್ದೇ ಹುಟ್ಟೂರು. ಅವರ ತಂದೆ ಅಲ್ಲಿಯ ಶಾಲೆಯ ಕೊನೆಯ ಮಾಸ್ತರು. "ಇದು ಮಾದರಿ. ಪ್ರತಿ ಊರಿಗೂ ಇದೇ ತಲೆಬರಹ, ನಾಲ್ಕೇ ಹಾಳೆ" ಎಂದರು.

ಎಂಬತ್ತರ ದಶಕದ ನಡುವಿನ ಮಾತು. ಒಮಾನಿನ ಮಸ್ಕತ್ತಿನಲ್ಲಿ, ಅಲ್ ಖುವೈರ್‌ನ ಒಂದು ಕನ್ಸಲ್ಟೆನ್ಸಿ ಕಚೇರಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಬೆಟ್ಟದೊಳಗಿನ ಊರುಗಳಲ್ಲಿ ಯಾವುದಕ್ಕೆ ರಸ್ತೆ ಮತ್ತು ನೀರಿನ ಪಂಪು ಕೊಡಬೇಕು, ಯಾವುದನ್ನು ಕೆಳಗಿನ ಬಯಲಿಗೆ ಇಳಿಸಿ ಹೊಸ ಮನೆ ಕಟ್ಟಿಸಿ ಕೊಡಬೇಕು ಎಂದು ಸರ್ಕಾರಕ್ಕೆ ವರದಿ ಕೊಡುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು. ಬೆಟ್ಟಕ್ಕೆ ಹೋಗಬೇಕಿದ್ದ ಸರ್ವೇಯರ್ ಕೆಲಸ ಬಿಟ್ಟು ಹೋದ. ಸಾಹೇಬರಿಗೆ ಬೆನ್ನುನೋವು, ನಡೆಯಲಾರರು. ಉಳಿದವನು ನಾನು. ಬೋರ್ಡಿನ ಮುಂದೆ ಬಗ್ಗಿ ಗೆರೆ ಎಳೆಯುವವನನ್ನು ಬೆಟ್ಟ ಹತ್ತಿಸಿದರು ಎಂದು ಗೊಣಗಲು ನನಗೆ ಮನಸ್ಸಿರಲಿಲ್ಲ. ಕಾರಣವಿತ್ತು. ಬೇಸಿಗೆಯ ಮೊದಲು ನನ್ನ ಎರಡು ವರ್ಷದ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಈ ಕೆಲಸ ಚೆನ್ನಾಗಿ ಮಾಡಿದರೆ ಕಾಂಟ್ರಾಕ್ಟ್ ಮುಂದುವರಿಸಿ ಒಂದು ಗ್ರೇಡ್ ಮೇಲೆ ಹಾಕುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದರು. ಆ ಗ್ರೇಡಿಗೆ ಫ್ಯಾಮಿಲಿ ವೀಸಾ ಸಿಗುತ್ತಿತ್ತು. ಕಾರ್ಕಳದ ಹತ್ತಿರದ ನನ್ನ ಊರಿನಿಂದ ಹೆಂಡತಿಯೂ ನಾಲ್ಕು ವರ್ಷದ ಮಗಳೂ ಬರಬಹುದಿತ್ತು.

ನಾನಿದ್ದ ರೂಮಿನಲ್ಲಿ ಇನ್ನಿಬ್ಬರು ಮಲಯಾಳಿಗಳಿದ್ದರು. ಇಬ್ಬರಿಗೂ ಹೋಟೆಲಿನಲ್ಲಿ ಸಂಜೆಯ ಪಾಳಿ. ನಾನು ಬರುವಾಗ ಅವರು ಷೂ ಹಾಕಿಕೊಳ್ಳುತ್ತಿರುತ್ತಿದ್ದರು, ನಾನು ಹೊರಡುವಾಗ ಮುಸುಕು ಹೊದ್ದು ಮಲಗಿರುತ್ತಿದ್ದರು. ವಾರಗಟ್ಟಲೆ ನನ್ನ ಸ್ವರ ನನಗೇ ಕೇಳದೆ ಹೋದದ್ದಿದೆ. ಓದಲು ಬೇರೇನೂ ಇಲ್ಲದೆ ಆ ನಾಲ್ಕು ಹಾಳೆಗಳನ್ನೇ ಎಷ್ಟು ಸಲ ಓದಿದೆನೋ. ಮಸ್ಕತ್‌ನಲ್ಲಿ ನನ್ನ ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆ ಎಂದು ನನಗೆ ತಿಳಿಯದು. ಆದರೆ ಕಂಡರಿಯದ ಆ ಫ್ರೆಂಚ್ ಹಳ್ಳಿಯಲ್ಲಿ ಬ್ರೆಡ್ಡಿನ ವ್ಯಾನು ಯಾವ ದಿನ ಬರುತ್ತದೆ ಎಂದು ಬಾಯಿಪಾಠವಿತ್ತು.

ಪಟ್ಟಿಯ ಏಳನೆಯ ಊರು ರುಸ್ತಾಕ್‌ನ ಹಿಂದಿನ ಬೆಟ್ಟದಲ್ಲಿತ್ತು. ಹೆಸರು ಹೇಳುವುದಿಲ್ಲ. ಚಳಿಗಾಲದ ಒಂದು ಶನಿವಾರ ಕರಾವಳಿಯ ಬರ್ಕಾದಲ್ಲಿ ಪೆಟ್ರೋಲು ಹಾಕಿಸಿಕೊಂಡು ಒಳಕ್ಕೆ ತಿರುಗಿದೆವು. ಡ್ರೈವರ್ ಬಲೂಚಿ, ಅರಬ್ಬಿಯೂ ಹಿಂದಿಯೂ ಬರುತ್ತಿದ್ದರಿಂದ ಅವನೇ ದುಭಾಷಿ. ಜೀಪು ಒಣಗಿದ ಹೊಳೆಯ ಉರುಟು ಕಲ್ಲುಗಳ ಮೇಲೆ ಕುಣಿಯುತ್ತಾ ಹೋಗಿ ಒಂದು ಬಂಡೆಯ ಬಳಿ ನಿಂತಿತು. ಅಲ್ಲಿಂದ ಒಂದೂವರೆ ಗಂಟೆಯ ಕಾಲುದಾರಿ. ಹೆಗಲಲ್ಲಿ ಎತ್ತರ ಅಳೆಯುವ ಯಂತ್ರ, ಟೇಪು, ವಿಮಾನದಿಂದ ತೆಗೆದ ಫೋಟೋದ ದೊಡ್ಡ ಪ್ರತಿ. ಹತ್ತುವಾಗ ಇಳಿದು ಬರುತ್ತಿದ್ದ ಎರಡು ಕತ್ತೆಗಳಿಗೆ ದಾರಿ ಬಿಟ್ಟದ್ದು ನೆನಪಿದೆ. ಅವುಗಳ ಬೆನ್ನಿನ ಎರಡೂ ಬದಿ ಗೋಣಿ ಮುಚ್ಚಿದ ಹೊರೆ ಇತ್ತು. ಏನೆಂದು ನೋಡುವ ವ್ಯವಧಾನ ನನಗಿರಲಿಲ್ಲ, ಏದುಸಿರು ಬಿಡುತ್ತಿದ್ದೆ.

ಊರಿನ ಮುಖ್ಯಸ್ಥರಾದ ಹಿರಿಯರೊಬ್ಬರು ಗಂಡಸರ ಕೂಟದ ಮನೆಯಲ್ಲಿ, ಅದನ್ನು ಅಲ್ಲಿ ಸಬ್ಲಾ ಎನ್ನುತ್ತಾರೆ, ಚಾಪೆ ಹಾಸಿ ಕೂರಿಸಿದರು. ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ. ಆಮೇಲೆ ಕೆಲಸ. ಮನೆಗಳನ್ನು ಫೋಟೋದಲ್ಲಿ ಗುರುತು ಮಾಡುತ್ತಾ ಎಣಿಸಿದೆ, ನಲವತ್ತೆಂಟು. ಮಸೀದಿ ಒಂದು. ಬೆಟ್ಟದ ಬುಡದಿಂದ ನೀರು ತರುವ ಫಲಜ್ ಎಂಬ ಕಾಲುವೆ ಒಂದು. ಅದರಲ್ಲಿ ಹತ್ತು ಮೀಟರ್ ನೇರವಾದ ಜಾಗ ಹುಡುಕಿ ಎರಡೂ ತುದಿಗೆ ಕಲ್ಲಿಟ್ಟೆ. ಕಿತ್ತಳೆ ಸಿಪ್ಪೆಯ ಚೂರನ್ನು ತೇಲಿಬಿಟ್ಟು ಕೈಗಡಿಯಾರದಲ್ಲಿ ಸೆಕೆಂಡು ನೋಡಿದೆ. ಐದು ಸಲ ಮಾಡಿ ಸರಾಸರಿ ತೆಗೆದೆ. ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಅದಕ್ಕೆ ತಕ್ಕಷ್ಟು ಕಳೆದೆ. ಎಲ್ಲ ಅಚ್ಚುಕಟ್ಟು. ಉಳಿದದ್ದು ಜನ.

ಮಸ್ಕತ್‌ನಲ್ಲಿ ನಮ್ಮ ಊರಿನವರೆಲ್ಲ ಹೊಸಬನ ಕಿವಿಯಲ್ಲಿ ಮೊದಲು ಊದುವ ಮಂತ್ರ ಒಂದೇ: ಅರಬರ ಮನೆಯ ಹೆಂಗಸರ ಸುದ್ದಿ ಎತ್ತಬೇಡ. ನನಗೆ ಆ ಮಂತ್ರ ರಕ್ತಕ್ಕೇ ಇಳಿದಿತ್ತು. ಆದರೂ ಡ್ರೈವರ್‌ನ ಹತ್ತಿರ ಮೆಲ್ಲಗೆ ಹೇಳಿದೆ, "ಹೆಂಗಸರು, ಹೆಣ್ಣುಮಕ್ಕಳು ಎಷ್ಟು ಅಂತ ಕೇಳು."

"ಕೇಳಲಿಕ್ಕಾಗುವುದಿಲ್ಲ ಭಾಯಿ. ಮರ್ಯಾದೆ ಹೋಗುತ್ತದೆ. ಆ ಮಾತು ಖಲಾಸ್."

ನನಗೆ ಒಳಗೊಳಗೇ ಸಮಾಧಾನವೇ ಆಯಿತು. ಕೇಳುವ ಧೈರ್ಯ ನನಗೂ ಇರಲಿಲ್ಲ. ಕಣ್ಣಿಗೆ ಬಿದ್ದ ಗಂಡಸರು ಇಪ್ಪತ್ತೆರಡು, ಹೆಚ್ಚಿನವರು ಮುದುಕರು. ಹುಡುಗರು ಒಂಬತ್ತು. ಹೆಂಗಸರಿಗೆ ಒಂದು ಉಪಾಯ ಹೊಳೆಯಿತು. ಮರುದಿನ ಬೆಳಕು ಹರಿಯುವಾಗ ಸಬ್ಲಾದ ತಾರಸಿ ಹತ್ತಿ ಯಾವ ಯಾವ ಮನೆಯಿಂದ ಹೊಗೆ ಏಳುತ್ತದೆ ಎಂದು ನೋಡಿದೆ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರು ಎನ್ನುವುದಕ್ಕೆ ಗುರುತೇ ಒಲೆ ಬೇರೆಯಾಗುವುದು. ಒಲೆ ಎಷ್ಟೋ ಮನೆ ಅಷ್ಟು, ಒಲೆಯ ಮುಂದೆ ಒಬ್ಬಳಾದರೂ ಹೆಂಗಸು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಗಾದೆಯೇ ಇದೆಯಲ್ಲ. ಹನ್ನೊಂದು ಹೊಗೆ ಎದ್ದವು. ಪುಸ್ತಕದಲ್ಲಿ ಬರೆದುಕೊಂಡೆ: ವಾಸದ ಮನೆ ಹನ್ನೊಂದು, ಖಾಲಿ ಮೂವತ್ತೇಳು, ಹೆಂಗಸರು ಹನ್ನೊಂದು. ಒಟ್ಟು ಜನ ನಲವತ್ತೆರಡು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಕಚೇರಿಯಲ್ಲಿ ನಾಲ್ಕು ಹಾಳೆ ಟೈಪ್ ಮಾಡಿ ಕೊಟ್ಟಾಗ ಸಾಹೇಬರು ಪೆನ್ಸಿಲ್ ಹಿಡಿದು ಓದಿದರು. ಜನಸಂಖ್ಯೆಯ ಸಾಲಿನಲ್ಲಿ ನಿಂತರು.

"ಇಷ್ಟೇನಾ? ಮನೆಮನೆಗೆ ಹೋಗಿ ಎಣಿಸಿದಿರಾ?"

"ಹೌದು ಸರ್" ಎಂದೆ.

ಅದು ಸುಳ್ಳು. ಬಾಯಿಂದ ಎಷ್ಟು ಸಲೀಸಾಗಿ ಜಾರಿತು ಎಂದರೆ ಸುಳ್ಳು ಹೇಳಿದೆ ಎಂದು ನನಗೇ ಅನ್ನಿಸಲಿಲ್ಲ. ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. "ಇಂಥ ಊರು ನನಗೆ ಗೊತ್ತು. ಕೊನೆಯವನು ದೀಪ ಆರಿಸಿ ಹೋಗುವವರೆಗೆ ಕಾಯುವುದು ಕ್ರೂರ. ಮೊದಲೇ ಮರ್ಯಾದೆಯಿಂದ ಇಳಿಸಿಬಿಡಬೇಕು" ಎಂದರು. ಶಿಫಾರಸಿನ ಸಾಲಿನಲ್ಲಿ ತಮ್ಮ ಕೈಯಿಂದಲೇ ಬರೆದರು: ಸ್ಥಳಾಂತರ. ಪಂಪು ಬೇಡ, ರಸ್ತೆ ಬೇಡ. ನಾನು ಅದನ್ನು ಟೈಪ್ ಮಾಡಿ ಫೈಲಿಗೆ ಸೇರಿಸಿದೆ.

ಮೂರು ವಾರ ಕಳೆದು ಅದೇ ಬೆಟ್ಟದ ಕೆಳಗಿನ ಇನ್ನೊಂದು ಊರನ್ನು ಅಳೆಯುತ್ತಿದ್ದಾಗ ತಗಡಿನ ಚೂರು ತಾಗಿ ಪಾದ ಕೊಯ್ಯಿತು. ಡ್ರೈವರ್ ನನ್ನನ್ನು ಹತ್ತಿರದ ಪೇಟೆಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಗಾಯ ತೊಳೆಯುತ್ತಿದ್ದ ನರ್ಸ್ ನನ್ನ ಹೆಸರು ಬರೆದುಕೊಳ್ಳುವಾಗ ತಲೆಯೆತ್ತಿದರು.

"ನೀವು ಮಂಗಳೂರು ಕಡೆಯವರಾ?"

"ಕಾರ್ಕಳದ ಹತ್ತಿರ, ಸಿಸ್ಟರ್."

"ಓ, ನಾನು ಶಿರ್ವದವಳು. ಇಲ್ಲಿ ಕನ್ನಡ ಮಾತಾಡದೆ ಏಳು ತಿಂಗಳಾಯ್ತು ಮಾರಾಯ್ರೆ. ಮನೆಯವರಿಗೆ ಕಾಗದ ಬರಿಯುದು ಬಿಟ್ರೆ ಇಲ್ಲ."

ನಾನು ಮುಖ ಆಚೆ ತಿರುಗಿಸಿದೆ. ಗಾಯಕ್ಕೆ ಸ್ಪಿರಿಟ್ ತಾಗಿದ್ದರಿಂದ ಎಂದುಕೊಂಡಿರಬೇಕು ಅವರು, ಮೆಲ್ಲಗೆ ಒತ್ತಿದರು. ಮಾತಿಗೆ ಮಾತು ಬಂದು ನನ್ನ ಕೆಲಸ ಏನೆಂದು ಕೇಳಿದರು. ಮೇಲಿನ ಆ ಊರಿನ ಹೆಸರು ಹೇಳಿ, ಅಲ್ಲಿ ನಲವತ್ತೆರಡೇ ಜನ, ಇಳಿಸಿಬಿಡುತ್ತಾರೆ ಎಂದೆ. ನರ್ಸ್ ಬ್ಯಾಂಡೇಜು ಸುತ್ತುವ ಕೈ ನಿಲ್ಲಿಸಿದರು.

"ನಲವತ್ತೆರಡಾ? ಹೋದ ತಿಂಗಳು ಅಲ್ಲಿ ಸೂಜಿ ಕೊಟ್ಟ ಮಕ್ಕಳೇ ಅದಕ್ಕಿಂತ ಹೆಚ್ಚು ಉಂಟು. ನೀವು ಎಂತ ಲೆಕ್ಕ ಮಾಡಿದ್ದು?"

ಹೊಗೆಯ ಉಪಾಯ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಶುರು ಮಾಡಿದೆ, ಮುಗಿಸುವಾಗ ಸ್ವರ ಸಣ್ಣದಾಗಿತ್ತು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

"ಅಲ್ಲಿ ಹೆಚ್ಚಿನವರ ಮನೆಯಲ್ಲಿ ಗ್ಯಾಸ್ ಉಂಟು ಮಾರಾಯ್ರೆ. ಗಂಡಸರು ಪೊಲೀಸಿನಲ್ಲಿ, ಮಿಲಿಟರಿಯಲ್ಲಿ, ಮಸ್ಕತ್ತಿನಲ್ಲಿ. ಸಂಬಳ ಬರ್ತದೆ. ಕತ್ತೆಯ ಮೇಲೆ ಸಿಲಿಂಡರ್ ಹೋಗುದು ನೀವು ನೋಡ್ಲಿಲ್ವಾ? ರೊಟ್ಟಿ ಮಾತ್ರ ನಾಲ್ಕೈದು ಮನೆ ಸೇರಿ ಒಂದು ಕಡೆ ಸುಡ್ತಾರೆ."

ನೋಡಿದ್ದೆ. ಗೋಣಿ ಮುಚ್ಚಿದ ಹೊರೆ. ಆ ಕಾಲಕ್ಕೆ ನಮ್ಮ ಊರಿನಲ್ಲಿ ಗ್ಯಾಸ್ ಇದ್ದದ್ದು ಡಾಕ್ಟರ ಮನೆಯಲ್ಲಿ ಮಾತ್ರ, ನನ್ನ ಹೆಂಡತಿ ಹೆಸರು ಬರೆಸಿ ಮೂರು ವರ್ಷದಿಂದ ಕಾಯುತ್ತಿದ್ದಳು. ಕತ್ತೆಯ ದಾರಿಯಲ್ಲಿ ಹೋಗಬೇಕಾದ ಬೆಟ್ಟದ ಊರಿನಲ್ಲಿ ಗ್ಯಾಸ್ ಇರಬಹುದೆಂದು ನನ್ನ ತಲೆಗೆ ಹೊಳೆಯುವುದಾದರೂ ಹೇಗೆ? ಬೆಂಕಿಯಿಲ್ಲದೆ ಹೊಗೆಯಿಲ್ಲ, ನಿಜ. ಹೊಗೆಯಿಲ್ಲದ ಬೆಂಕಿಯೂ ಇರುತ್ತದೆ ಎಂದು ಗಾದೆ ಮಾಡಿದವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಖಾಲಿ ಎಂದು ಬರೆದ ಮನೆಗಳಲ್ಲೇ ಗಂಡನ ಸಂಬಳಕ್ಕೆ ಕಾಯುತ್ತಾ ಹೆಂಗಸರು ಮಕ್ಕಳನ್ನು ಸಾಕುತ್ತಿದ್ದರು. ನನ್ನ ಹೆಂಡತಿಯ ಹಾಗೆ.

ವರದಿ ಸರ್ಕಾರದ ಕೈಗೆ ಹೋಗಲು ಹನ್ನೆರಡು ದಿನ ಉಳಿದಿತ್ತು. ಅಲ್ ಖುವೈರ್‌ಗೆ ಮರಳಿ ಎರಡು ದಿನ ಸುಮ್ಮನಿದ್ದೆ. ಸುಮ್ಮನಿರಲು ಕಾರಣಗಳು ಸಾಲುಗಟ್ಟಿ ಬಂದವು. ಕೆಳಗೆ ಹೊಸ ಮನೆ ಕಟ್ಟಿಸಿ ಕೊಡುತ್ತಾರಲ್ಲ, ಅವರಿಗೇನು ನಷ್ಟ? ಶಾಲೆ ಹತ್ತಿರ, ಆಸ್ಪತ್ರೆ ಹತ್ತಿರ. ತಪ್ಪು ಒಪ್ಪಿಕೊಂಡರೆ ನನ್ನ ಗ್ರೇಡ್ ಹೋಯಿತು, ವೀಸಾ ಹೋಯಿತು. ಮಗಳು ಹಿಂದಿನ ರಜೆಯಲ್ಲಿ ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿದ್ದಳು, ಐದನೆಯ ದಿನ ಹತ್ತಿರ ಬಂದಿದ್ದಳು, ಹನ್ನೆರಡನೆಯ ದಿನ ನಾನು ಹೊರಟಿದ್ದೆ. ಇದೆಲ್ಲ ಒಂದು ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ಮುಖ ನೋಡದ ಹೆಂಗಸರು. ಸಂಜೆ ಹೈವೇಯ ಬದಿಯಲ್ಲಿ ನಡೆದೆ. ಕಾರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಹೆಂಡತಿಗೆ ಬರೆದರೆ ಉತ್ತರ ಬರುವಷ್ಟರಲ್ಲಿ ಹನ್ನೆರಡು ದಿನ ಕಳೆದುಹೋಗಿರುತ್ತದೆ.

ಮೂರನೆಯ ದಿನ ಸಾಹೇಬರ ಕೋಣೆಗೆ ಹೋದೆ. ಧೈರ್ಯದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಟೈಪ್ ಮಾಡುವಾಗ ಆ ಊರಿನ ಹಾಳೆ ಮತ್ತೆ ಕೈಗೆ ಬಂದಿತ್ತು, "ಖಾಲಿ ಮೂವತ್ತೇಳು" ಎಂಬ ಸಾಲನ್ನು ಓದಿ ದಾಟಲು ಆಗಲಿಲ್ಲ, ಅಷ್ಟೆ. ಮನೆಮನೆಗೆ ಹೋಗಲಿಲ್ಲ, ಹೊಗೆ ಎಣಿಸಿದೆ, ಅದು ತಪ್ಪು ಎಂದು ಗೊತ್ತಾಗಿ ಐದು ದಿನವಾಯಿತು ಎಂದೆ. ಕೆಳಗಿನ ಊರಿನ ಅಳತೆ ಮುಗಿಸಿ ಮರಳಿದ ಎರಡು ದಿನವನ್ನೂ ಸೇರಿಸಿ ಐದು.

ಸಾಹೇಬರು ಫೈಲಿನಿಂದ ಆ ಊರಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನನ್ನ ಊರಿನ ಶಾಲೆ ಮುಚ್ಚಿದ್ದೂ ಇಂಥದ್ದೊಂದು ಹಾಳೆಯ ಮೇಲೆ" ಎಂದರು. ಆ ಹಾಳೆಯ ಲೆಕ್ಕ ಸರಿಯಿತ್ತೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಹಿಂದೆ ಹೋಗಿ. ನಿಯಮ ಒಂದೇ. ಹಿಂದಿನ ರಾತ್ರಿ ಆ ಊರಿನಲ್ಲಿ ಮಲಗಿದವರೆಲ್ಲ ಲೆಕ್ಕಕ್ಕೆ, ಮಲಗದವರು ಇಲ್ಲ. ವಾರದ ನಡುವಿನ ದಿನ ನೋಡಿಕೊಳ್ಳಿ, ರಜೆಯ ದಿನ ಬೇಡ. ಏನಾಯಿತು ಎಂದು ಮ್ಯಾನೇಜರ್‌ಗೆ ನಾನು ಬರೆಯಲೇಬೇಕಾಗುತ್ತದೆ. ಅದು ನಿಮಗೆ ಗೊತ್ತಿರಲಿ."

ಗೊತ್ತು ಎಂದೆ.

ಹೆಂಗಸರನ್ನು ಎಣಿಸುವವರು ಯಾರು ಎನ್ನುವುದೇ ಪ್ರಶ್ನೆ. ನರ್ಸ್‌ಗೆ ಫೋನ್ ಮಾಡಿದೆ. ತಮ್ಮ ರಿಜಿಸ್ಟರ್ ಕೊಡಲಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. "ಆದ್ರೆ ಮಂಗಳವಾರ ನಾನು ಹೇಗೂ ಸೂಜಿಗೆ ಮೇಲೆ ಹೋಗ್ಲಿಕ್ಕುಂಟು. ನಮ್ಮ ಡಾಕ್ಟ್ರ ಒಪ್ಪಿಗೆ ಕೇಳ್ತೇನೆ. ಒಪ್ಪಿದ್ರೆ ಒಳಗೆ ಹೋಗಿ ತಲೆ ಎಣಿಸಿ ಕೊಡ್ತೇನೆ. ಹೆಸರು ಬರಿಯುದಿಲ್ಲ."

ಸೋಮವಾರ ಮಧ್ಯಾಹ್ನವೇ ನಾನು ಮೇಲೆ ಹೋದೆ, ಬಾಗಿಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಬೇಕಿತ್ತು. ಒಂದರಿಂದ ನಲವತ್ತೆಂಟು ಮನೆ, ನಲವತ್ತೊಂಬತ್ತು ಸಬ್ಲಾ. ಬಂದ ಕಾರಣವನ್ನು ಡ್ರೈವರ್ ಹಿರಿಯರಿಗೆ ವಿವರಿಸಿದ. ಮೋಡ ಕಟ್ಟಿದ್ದರಿಂದ ಜೀಪನ್ನು ಹೊಳೆಯಲ್ಲಿ ಬಿಡಲು ಅವನಿಗೆ ಹೆದರಿಕೆ. ಬೆಳಿಗ್ಗೆ ನರ್ಸನ್ನು ಕರೆದುಕೊಂಡು ಬರುತ್ತೇನೆ ಎಂದು ಕತ್ತಲಾಗುವ ಮೊದಲೇ ಇಳಿದು ಹೋದ. ಸಬ್ಲಾದಲ್ಲಿ ಉಳಿದವನು ನಾನೊಬ್ಬ. ಹಿರಿಯರು ಅನ್ನ, ಮೀನು ತರಿಸಿ ನನ್ನೊಂದಿಗೆ ಒಂದೇ ತಟ್ಟೆಯಲ್ಲಿ ಉಂಡರು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಹತ್ತು ಪದ. ಮೀನಿನ ಮುಳ್ಳಿಲ್ಲದ ತುಂಡನ್ನು ನನ್ನ ಕಡೆ ತಳ್ಳಿದರು. ಹಾಗೆ ಯಾರಾದರೂ ನನ್ನ ಕಡೆ ಊಟ ತಳ್ಳಿ ಹದಿನಾಲ್ಕು ತಿಂಗಳಾಗಿತ್ತು.

ಬೆಳಿಗ್ಗೆ ಡ್ರೈವರ್ ಮತ್ತು ಲಸಿಕೆಯ ಪೆಟ್ಟಿಗೆ ಹಿಡಿದ ಆಳಿನೊಂದಿಗೆ ನರ್ಸ್ ಬಂದರು. ಕೆಲಸದ ಕ್ರಮ ಸರಳ. ಅವರು ನಂಬರಿನ ಪ್ರಕಾರ ಮನೆಯೊಳಗೆ ಹೋಗುವುದು, ಹೊರಗೆ ಬಂದು ಗಂಡಸು ಇಷ್ಟು, ಹೆಂಗಸು ಇಷ್ಟು, ಹೆಣ್ಣುಮಗು ಇಷ್ಟು, ಗಂಡುಮಗು ಇಷ್ಟು ಎಂದು ಹೇಳುವುದು. ಬಾಗಿಲಿಗೆ ಬೆನ್ನು ಮಾಡಿ ನಿಂತು ನಾನು ಬರೆಯುವುದು. ಹನ್ನೆರಡನೆಯ ಮನೆಯಲ್ಲಿ ಏಳು ಜನ, ನಾನು ಖಾಲಿ ಎಂದಿದ್ದೆ. ಹದಿನೈದರಲ್ಲಿ ಬಾಣಂತಿ ಮತ್ತು ಹನ್ನೊಂದು ದಿನದ ಕೂಸು. ಒಳಗಿನಿಂದ ನಗು, ಪಾತ್ರೆಯ ಸದ್ದು, ಸೂಜಿಗೆ ಹೆದರಿದ ಮಕ್ಕಳ ಅಳು ಕೇಳುತ್ತಿತ್ತು. ನಿಜಕ್ಕೂ ಬೀಗ ಬಿದ್ದ ಮನೆಗಳು ಐದೇ. ಮಧ್ಯಾಹ್ನದ ಹೊತ್ತಿಗೆ ಸಬ್ಲಾದಲ್ಲಿ ಕೂತು ಕೂಡಿಸಿದೆ. ನೂರ ಅರವತ್ತಮೂರು. ಎರಡನೆಯ ಸಲ ಕೂಡಿಸಿದೆ, ಅದೇ ಬಂತು.

ಹಿರಿಯರು ಡ್ರೈವರ್ ಮೂಲಕ ಕೇಳಿದರು, "ಮೊದಲ ಸಲ ಎಷ್ಟು ಬರೆದಿದ್ದೆ?"

ಹೇಳಿದೆ. ಡ್ರೈವರ್ ಆ ಸಂಖ್ಯೆಯನ್ನು ಹೇಳಲು ಹಿಂದೆಮುಂದೆ ನೋಡಿದ, ನಾನೇ ಅರಬ್ಬಿಯಲ್ಲಿ ಹೇಳಿದೆ. ಹಿರಿಯರು ಕಾಫಿಯ ಬಟ್ಟಲನ್ನು ಕೆಳಗಿಟ್ಟರು.

"ನನ್ನನ್ನು ಕೇಳಬೇಕಿತ್ತು. ನನ್ನ ಹೆಂಡತಿಯನ್ನು ಮನೆಮನೆಗೆ ಕಳಿಸುತ್ತಿದ್ದೆ. ಅರ್ಧ ದಿನದ ಕೆಲಸ."

ಅಷ್ಟೇ. ಮರ್ಯಾದೆಯ ಹೆಸರಿನಲ್ಲಿ ನಾನು ಕೇಳದೆ ಉಳಿದ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿತ್ತು. ನನ್ನ ತಲೆ ತಗ್ಗಿತು.

ಆಮೇಲೆ ಅವರು ಪಟ್ಟಿಯನ್ನು ಓದಿಸಿ ಕೇಳಿ, ತಲೆಯಾಡಿಸಿದರು. ಮಸ್ಕತ್‌ನಲ್ಲಿ, ಸಲಾಲಾದಲ್ಲಿ ಕೆಲಸಕ್ಕಿರುವ ಗಂಡುಮಕ್ಕಳು ಇದರಲ್ಲಿಲ್ಲ. "ನನ್ನ ಇಬ್ಬರು ಮಕ್ಕಳಿಗೆ ಫಲಜ್‌ನಲ್ಲಿ ನೀರಿನ ಪಾಳಿ ಇದೆ. ಅವರು ಇಲ್ಲದಾಗ ನಾನು ಅವರ ಮರಗಳಿಗೆ ನೀರು ಬಿಡುತ್ತೇನೆ. ನೀರು ಅವರ ಹೆಸರಿನಲ್ಲೇ ಓಡುತ್ತದೆ. ಅವರು ಈ ಊರಿನವರಲ್ಲವಾ? ಬರೆ."

ಬರೆದರೆ ಸಂಖ್ಯೆ ಇನ್ನೂ ಮೂವತ್ತು ನಲವತ್ತು ಏರುತ್ತಿತ್ತು, ಊರಿಗೆ ಒಳ್ಳೆಯದೇ. ಕೈ ಪೆನ್ಸಿಲಿನ ಮೇಲಿತ್ತು. ನಮ್ಮಲ್ಲಿ ರೇಷನ್ ಕಾರ್ಡ್ ಪರಿಶೀಲನೆಗೆ ಬಂದವರು ಮನೆಯಲ್ಲಿಲ್ಲದವರ ಹೆಸರು ತೆಗೆಯಬೇಕು ಎಂದು ನನ್ನ ಹೆಸರಿಗೆ ಗೆರೆ ಎಳೆದು ಹೋಗಿದ್ದರು. ಹೆಂಡತಿ ಅದನ್ನು ಕಾಗದದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದಳು. ಆ ಗೆರೆ ಎಳೆದವನ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು, ಈಗ ಅದೇ ಕೆಲಸ ನಾನು ಮಾಡುತ್ತಿದ್ದೆ. ಆದರೆ ಒಂದು ಸಲ ಅಂದಾಜಿಗೆ ಕೈ ಹಾಕಿ ಆದದ್ದು ಸಾಕಿತ್ತು.

"ಆಗುವುದಿಲ್ಲ" ಎಂದೆ. "ನಿಯಮ ಒಂದೇ. ನಿನ್ನೆ ರಾತ್ರಿ ಈ ಊರಿನಲ್ಲಿ ಮಲಗಿದವರು ಮಾತ್ರ. ನಾನೂ ನನ್ನ ಊರಿನ ಲೆಕ್ಕದಲ್ಲಿ ಇಲ್ಲ. ತೆಗೆದುಹಾಕಿದ್ದಾರೆ."

ಡ್ರೈವರ್ ಅದನ್ನು ಹೇಳಲು ಬಹಳ ಹೊತ್ತು ತೆಗೆದುಕೊಂಡ. ಹಿರಿಯರ ಮುಖ ಬಿಗಿದಿತ್ತು. ಅವರು ನನ್ನನ್ನೇ ನೋಡುತ್ತಾ ಏನೋ ಕೇಳಿದರು.

"ನಿನ್ನೆ ರಾತ್ರಿ ನೀನು ಎಲ್ಲಿ ಮಲಗಿದ್ದೆ ಎಂದು ಕೇಳುತ್ತಿದ್ದಾರೆ" ಎಂದ ಡ್ರೈವರ್.

"ಇಲ್ಲಿ. ಸಬ್ಲಾದಲ್ಲಿ."

"ಹಾಗಾದರೆ ನಿನ್ನನ್ನು ಬರೆ ಎನ್ನುತ್ತಾರೆ. ನಿಯಮ ಎಂದ ಮೇಲೆ ಎಲ್ಲರಿಗೂ."

ತಮಾಷೆಯೇ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. ಬೆರಳಿನಿಂದ ಪಟ್ಟಿಯನ್ನು ಮುಟ್ಟಿ ಕಾದರು. ನಲವತ್ತೊಂಬತ್ತನೆಯ ನಂಬರಿನ ಮುಂದೆ ಗಂಡಸು ಒಂದು ಎಂದು ಬರೆದೆ. ಹಿರಿಯರು ಆಗ ಬಟ್ಟಲು ಎತ್ತಿಕೊಂಡರು.

ಕಚೇರಿಯಲ್ಲಿ ನಾಲ್ಕು ಹಾಳೆಗಳನ್ನು ಮೊದಲಿನಿಂದ ಟೈಪ್ ಮಾಡಿದೆ. ಸಾಹೇಬರು "ಸ್ಥಳಾಂತರ" ಎಂಬುದನ್ನು ಹೊಡೆದು ಹಾಕಿ, ಪಂಪು, ಕಚ್ಚಾ ರಸ್ತೆ, ಎರಡು ಕೋಣೆಯ ಶಾಲೆ ಎಂದು ಬರೆದರು. ಹೊಳೆಯಿಂದ ಊರಿಗೆ ಹೋಗುವ ರಸ್ತೆಯನ್ನು ನಕ್ಷೆಯಲ್ಲಿ ನಾನೇ ಎಳೆದೆ, ಆ ಒಂದು ಗೆರೆಗೆ ಒಂದು ಇಡೀ ದಿನ ತೆಗೆದುಕೊಂಡೆ. ಆಮೇಲಿನ ವರ್ಷಗಳಲ್ಲಿ ರಸ್ತೆ ಆಯಿತೆಂದು ನರ್ಸ್ ಬರೆದ ಕಾಗದದಿಂದ ತಿಳಿಯಿತು. ನಾನು ನೋಡಲಿಲ್ಲ.

ಏಕೆಂದರೆ ಅದೇ ವಾರ ಮ್ಯಾನೇಜರ್ ಕರೆದು, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದರು. ಅಂದಾಜಿನ ಲೆಕ್ಕ ಕೊಟ್ಟು ಎಣಿಸಿದೆ ಎಂದು ಸುಳ್ಳು ಹೇಳಿದವನನ್ನು ಇಟ್ಟುಕೊಳ್ಳಲು ಬರುವುದಿಲ್ಲ. ನ್ಯಾಯವಾದ ಮಾತು. ನ್ಯಾಯವಾದದ್ದಕ್ಕೆ ನೋವು ಕಡಿಮೆಯೇನೂ ಆಗಲಿಲ್ಲ. ಫ್ಯಾಮಿಲಿ ವೀಸಾಕ್ಕೆಂದು ತೆಗೆಸಿ ಕಳಿಸಿದ್ದ ಹೆಂಡತಿ ಮಗಳ ಫೋಟೋಗಳನ್ನು ಅವರ ಮೇಜಿನಿಂದ ವಾಪಸ್ ತೆಗೆದುಕೊಂಡು ಬಂದೆ.

ಮುದ್ರಣಕ್ಕೆ ಹೋಗುವ ಹಿಂದಿನ ದಿನ ಸಾಹೇಬರು ಕೊನೆಯ ಪ್ರತಿ ನೋಡುತ್ತಾ ನನ್ನನ್ನು ಕರೆದರು.

"ನಲವತ್ತೊಂಬತ್ತು. ಇದು ಅತಿಥಿಗಳ ಮನೆಯಲ್ಲವೇ? ಇಲ್ಲಿ ಒಬ್ಬ ಗಂಡಸು ಇದ್ದಾನೆ."

"ಹೌದು ಸರ್. ಆ ರಾತ್ರಿ ಅಲ್ಲಿ ಮಲಗಿದ್ದ."

"ಆ ಊರಿನವನೇ?"

ತೆಗೆದುಬಿಡಿ ಎನ್ನಲು ಒಂದು ಕ್ಷಣ ಸಾಕಿತ್ತು. ನನಗೆ ಇನ್ನು ಕಳೆದುಕೊಳ್ಳಲು ಏನೂ ಇರಲಿಲ್ಲ, ಮುಚ್ಚಿಡಲೂ ಏನೂ ಇರಲಿಲ್ಲ.

"ನಿಯಮದ ಪ್ರಕಾರ ಹೌದು" ಎಂದೆ.

ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೇರೆ ಏನನ್ನೂ ಕೇಳದೆ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿ ಹಾಳೆ ಮಗುಚಿದರು. ಒಟ್ಟು ಜನ ನೂರ ಅರವತ್ತನಾಲ್ಕು ಎಂದೇ ಅಚ್ಚಾಯಿತು. ಒಮಾನಿನಲ್ಲಿ ನಾನಿದ್ದದ್ದು ಎರಡು ವರ್ಷ. ಅದರಲ್ಲಿ ಒಂದು ರಾತ್ರಿ ಒಂದು ಊರಿನವನಾಗಿದ್ದೆ, ಮಿಕ್ಕ ರಾತ್ರಿಗಳೆಲ್ಲ ಬರೀ ಒಂದು ರೂಮಿನವನು.